ಕ್ವೆರಿ ಪಾರ್ಸರ್ ಬದಲಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ವೆರಿ ಎಂದರೆ ಡೇಟಾ ಕೇಳಿ ತೆಗೆಯಲು ಬರೆಯುವ ಸಾಲು, ಪಾರ್ಸರ್ ಎಂದರೆ ಆ ಸಾಲನ್ನು ಓದಿ ಅರ್ಥ ಬಿಡಿಸುವ ಭಾಗ. ಕ್ವೆರಿ ಭಾಷೆಯಿರುವ ಸಾಫ್ಟ್‌ವೇರಿನಲ್ಲಿ ಹಳೆಯ ಪಾರ್ಸರ್ ಕಿತ್ತು ಹೊಸದನ್ನು ಕೂರಿಸುವ ಕೆಲಸವನ್ನು ಎರಡು ಸಲ ಮಾಡಿದ್ದೇನೆ, ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಆಮೇಲೆ ಇದೇ ಕೆಲಸಕ್ಕೆ ಇಳಿದವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳಲ್ಲಿ ‘ಆ್ಯಂಡ್’, ‘ಆರ್’, ‘ನಾಟ್’ ಬರಬೇಕಾದ ಕಡೆ ‘ಮತ್ತು’, ‘ಅಥವಾ’, ‘ಅಲ್ಲ’ ಎಂದೇ ಬರೆದಿದ್ದೇನೆ.

ಪಾರ್ಸರ್ ಒಳಗಿನ ಭಾಗ. ಭಾಷೆ ಅದೇ ಇರುವಾಗ ಬಳಸುವವರಿಗೆ ಏನು ತೊಂದರೆ?

ಭಾಷೆ ಅದೇ ಇದೆ ಎಂದು ನಾವು ಅಂದುಕೊಂಡಿರುತ್ತೇವೆ, ಅಷ್ಟೇ. ಕೈಪಿಡಿಯಲ್ಲಿ ಬರೆದಿರುವುದು ಒಂದು ಭಾಷೆ, ಹಳೆಯ ಪಾರ್ಸರ್ ನಿಜಕ್ಕೂ ಒಪ್ಪಿಕೊಳ್ಳುತ್ತಿದ್ದುದು ಇನ್ನೊಂದು. ಬಹಳ ವರ್ಷ ಓಡಿದ ಪಾರ್ಸರ್ ಆದರೆ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿರುತ್ತದೆ. ಕೊನೆಯಲ್ಲೊಂದು ಅಲ್ಪವಿರಾಮ ಹೆಚ್ಚಿದ್ದರೆ ಅದು ಸುಮ್ಮನಿರುತ್ತದೆ, ಆವರಣ ಮುಚ್ಚುವುದು ಮರೆತರೆ ತಾನೇ ಮುಚ್ಚಿಕೊಳ್ಳುತ್ತದೆ, ಕೀವರ್ಡನ್ನು ಸಣ್ಣಕ್ಷರದಲ್ಲಿ ಬರೆದರೂ ನಡೆಯುತ್ತದೆ. ಬಳಸುವವರು ಕಲಿತದ್ದು ಕೈಪಿಡಿ ಓದಿ ಅಲ್ಲ. ಏನೋ ಬರೆದು ನೋಡಿದರು, ಓಡಿತು, ಸೇವ್ ಮಾಡಿಕೊಂಡರು. ಹಾಗೆ ಸೇವ್ ಆದ ಕ್ವೆರಿಗಳು ಡ್ಯಾಶ್‌ಬೋರ್ಡಿನಲ್ಲಿ, ಅಲರ್ಟಿನಲ್ಲಿ, ರಾತ್ರಿ ಓಡುವ ಜಾಬಿನಲ್ಲಿ, ಯಾರದೋ ಸ್ಕ್ರಿಪ್ಟಿನ ಹೊಟ್ಟೆಯೊಳಗೆ ಕೂತಿವೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಸಾಕಷ್ಟು ಜನ ಬಳಸುವ ವ್ಯವಸ್ಥೆಯಲ್ಲಿ ಹೊರಗೆ ಕಾಣುವ ಪ್ರತಿಯೊಂದು ವರ್ತನೆಯನ್ನೂ ಯಾರಾದರೊಬ್ಬರು ನೆಚ್ಚಿಕೊಂಡಿರುತ್ತಾರೆ ಎಂಬ ಮಾತಿಗೆ ಎಂಜಿನಿಯರುಗಳಲ್ಲಿ ಹೈರಮ್ ನಿಯಮ ಎಂಬ ಹೆಸರಿದೆ. ಪಾರ್ಸರ್ ಬದಲಿಸಿದಷ್ಟು ಬೇಗ ಅದನ್ನು ಮನದಟ್ಟು ಮಾಡಿಸುವ ಕೆಲಸ ಬೇರೆ ಇಲ್ಲ.

ಹಳೆಯ ಗ್ರಾಮರ್ ಫೈಲ್ (ಭಾಷೆಯ ನಿಯಮಗಳ ಪಟ್ಟಿ) ಕೈಯಲ್ಲಿದೆ. ಅದನ್ನೇ ಹೊಸ ಟೂಲಿಗೆ ಇಳಿಸಿದರೆ ಸಾಲದೇ?

ಸಾಲದು. ಒಂದೇ ಗ್ರಾಮರನ್ನು ಎರಡು ಟೂಲ್‌ಗಳು ಎರಡು ರೀತಿ ಓದುತ್ತವೆ. ಗ್ರಾಮರಿನಿಂದ ಪಾರ್ಸರ್ ಹುಟ್ಟಿಸುವ ಯಾಕ್, ಬೈಸನ್ ತರಹದವುಗಳಲ್ಲಿ ಶಿಫ್ಟ್ (ಮುಂದಿನ ಪದ ಓದುವುದು) ಮಾಡಬೇಕೋ ರೆಡ್ಯೂಸ್ (ಓದಿದ್ದನ್ನು ಒಂದು ನಿಯಮಕ್ಕೆ ಕಟ್ಟುವುದು) ಮಾಡಬೇಕೋ ಎಂಬ ಗೊಂದಲ ಬಂದರೆ ಟೂಲ್ ಒಂದು ಎಚ್ಚರಿಕೆ ಕೊಟ್ಟು ಶಿಫ್ಟ್ ಆರಿಸಿಕೊಂಡು ಮುಂದೆ ಹೋಗುತ್ತದೆ. ಆ ಎಚ್ಚರಿಕೆ ಬಿಲ್ಡ್ ಲಾಗಿನಲ್ಲಿ ವರ್ಷಗಳಿಂದ ಬರುತ್ತಲೇ ಇರುತ್ತದೆ, ಯಾರೂ ನೋಡಿರುವುದಿಲ್ಲ. ಪಿಇಜಿ ಎಂಬ ಇನ್ನೊಂದು ಬಗೆಯ ಗ್ರಾಮರಿನಲ್ಲಿ ಗೊಂದಲ ಎಂಬುದೇ ಇಲ್ಲ. ಮೊದಲು ಬರೆದ ಆಯ್ಕೆ ಹೊಂದಿತೋ, ಎರಡನೆಯದರ ಕಡೆ ತಿರುಗಿಯೂ ನೋಡುವುದಿಲ್ಲ. ‘<’ ಅನ್ನು ‘<=’ಗಿಂತ ಮೇಲೆ ಬರೆದಿಟ್ಟರೆ ‘<=’ಗೆ ಸರದಿ ಬರುವುದೇ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ.

ಇದಕ್ಕಿಂತ ನಾಜೂಕಾದ ಒಂದು ಹಳ್ಳವಿದೆ. ಯಾಕ್‌ನಲ್ಲಿ ಆಪರೇಟರುಗಳ ಪ್ರಾಶಸ್ತ್ಯ (ಯಾವುದು ಮೊದಲು ತನ್ನ ಪಕ್ಕದವನ್ನು ಕಟ್ಟಿಕೊಳ್ಳುತ್ತದೆ ಎಂಬ ಕ್ರಮ) ಬರೆಯುವಾಗ ಕೆಳಗಿನ ಸಾಲಿನಲ್ಲಿರುವುದು ಹೆಚ್ಚು ಬಿಗಿ. ಇನ್ನೊಂದು ಟೂಲ್ ಆಂಟ್ಲರ್ 4ರಲ್ಲಿ ಒಂದು ನಿಯಮದೊಳಗೆ ಮೇಲೆ ಬರೆದ ಆಯ್ಕೆಯೇ ಹೆಚ್ಚು ಬಿಗಿ. ಮೇಲಿನಿಂದ ಕೆಳಕ್ಕೆ ಹಾಗೇ ನಕಲು ಮಾಡಿದಿರೋ, ಇಡೀ ಪ್ರಾಶಸ್ತ್ಯದ ಪಟ್ಟಿ ತಲೆಕೆಳಗು. ಟೆಸ್ಟುಗಳು ಮಾತ್ರ ಹಸಿರಾಗೇ ಇರುತ್ತವೆ, ಏಕೆಂದರೆ ಟೆಸ್ಟ್ ಬರೆಯುವವರು ಅಚ್ಚುಕಟ್ಟು ಜನ, ಎಲ್ಲ ಕಡೆ ಆವರಣ ಹಾಕಿರುತ್ತಾರೆ.

ಲೆಕ್ಸರಿನದು, ಅಂದರೆ ಪಠ್ಯವನ್ನು ಪದಗಳಾಗಿ ಕತ್ತರಿಸುವ ಭಾಗದ್ದು, ಇನ್ನೊಂದು ತಲೆನೋವು. ‘ಮೊತ್ತ-10’ ಎಂಬುದು ಮೊತ್ತದಿಂದ ಹತ್ತು ಕಳೆಯುವುದೋ, ಅಥವಾ ‘ಮೊತ್ತ-10’ ಎಂಬ ಹೆಸರಿನ ಕಾಲಮ್ಮೋ? ಕೈಯಲ್ಲಿ ಬರೆದ ಹಳೆಯ ಲೆಕ್ಸರಿನಲ್ಲಿ ಇದರ ಉತ್ತರ ಯಾವುದೋ ಒಂದು ‘ಇಫ್’ ಒಳಗೆ ಅಡಗಿರುತ್ತದೆ, ಗ್ರಾಮರ್ ಫೈಲಿನಲ್ಲಿ ಸಿಗುವುದಿಲ್ಲ.

ಯಾವ ಬಗೆಯ ವ್ಯತ್ಯಾಸಕ್ಕೆ ಹೆಚ್ಚು ಹೆದರಬೇಕು?

ಹಳೆಯದು ಒಪ್ಪುತ್ತಿದ್ದುದನ್ನು ಹೊಸದು ತಿರಸ್ಕರಿಸಿದರೆ ಜನ ಬೈಯುತ್ತಾರೆ. ಬೈಗುಳ ಕೇಳಿಸಿತು ಎಂದರೆ ತಪ್ಪು ಸಿಕ್ಕಿತು ಎಂದರ್ಥ. ಹಳೆಯದು ತಿರಸ್ಕರಿಸುತ್ತಿದ್ದುದನ್ನು ಹೊಸದು ಒಪ್ಪಿಕೊಂಡರೆ ಸದ್ಯಕ್ಕೆ ಯಾರಿಗೂ ನೋವಿಲ್ಲ, ಆದರೆ ಇವತ್ತು ಸಡಿಲ ಬಿಟ್ಟದ್ದನ್ನು ನಾಳೆ ಬಿಗಿ ಮಾಡಲಾಗುವುದಿಲ್ಲ. ನಿದ್ದೆ ಕೆಡಿಸಬೇಕಾದದ್ದು ಮೂರನೆಯದು: ಎರಡೂ ಒಪ್ಪುತ್ತವೆ, ಅರ್ಥ ಮಾತ್ರ ಬೇರೆ.

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ದೂರುಗಳ ಟಿಕೆಟ್ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಮೂವತ್ತು ದಿನ ಮೀರಿದ ಟಿಕೆಟ್‌ಗಳನ್ನು ತಾನೇ ಮುಚ್ಚುವ ಜಾಬ್ ಒಂದಿತ್ತು, ಅದಕ್ಕೊಂದು ಸೇವ್ ಮಾಡಿದ ಕ್ವೆರಿ:

ಅಲ್ಲ ಆದ್ಯತೆ:ತುರ್ತು ಅಥವಾ ತಂಡ:ಬಿಲ್ಲಿಂಗ್

ಹಳೆಯ ಪಾರ್ಸರಿನಲ್ಲಿ ‘ಅಲ್ಲ’ ತನ್ನ ಬಲಕ್ಕಿರುವ ಎಲ್ಲವನ್ನೂ ಹಿಡಿಯುತ್ತಿತ್ತು. ಅಂದರೆ ಅಲ್ಲ (ತುರ್ತು ಅಥವಾ ಬಿಲ್ಲಿಂಗ್). ತುರ್ತಿನದೂ ಅಲ್ಲದ, ಬಿಲ್ಲಿಂಗಿನದೂ ಅಲ್ಲದ ಟಿಕೆಟ್‌ಗಳು ಮಾತ್ರ ಮುಚ್ಚುತ್ತಿದ್ದವು. ಹೊಸ ಪಾರ್ಸರ್ ಎಲ್ಲರೂ ನಿರೀಕ್ಷಿಸುವ ಹಾಗೆ ‘ಅಲ್ಲ’ವನ್ನು ಪಕ್ಕದ ಒಂದೇ ಷರತ್ತಿಗೆ ಕಟ್ಟಿತು: (ಅಲ್ಲ ತುರ್ತು) ಅಥವಾ ಬಿಲ್ಲಿಂಗ್. ಬಿಲ್ಲಿಂಗ್ ತಂಡದ ಹಳೆಯ ಟಿಕೆಟ್‌ಗಳೆಲ್ಲ, ತುರ್ತಿನವೂ ಸೇರಿ, ಆ ರಾತ್ರಿಯಿಂದ ಮುಚ್ಚತೊಡಗಿದವು. ಎರರ್ ಇಲ್ಲ, ಲಾಗಿನಲ್ಲಿ ಒಂದು ಕೆಂಪು ಗೆರೆಯಿಲ್ಲ. ಮೂರನೇ ದಿನ ಒಬ್ಬರು ‘ನನ್ನ ಟಿಕೆಟ್ ಎಲ್ಲಿ ಹೋಯಿತು’ ಎಂದು ಕೇಳಿದಾಗಲೇ ಗೊತ್ತಾದದ್ದು. ವ್ಯಾಕರಣದ ಪ್ರಕಾರ ಹೊಸ ಪಾರ್ಸರೇ ಸರಿ. ಅದನ್ನು ಆ ತಂಡದ ಮುಂದೆ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ದೊಡ್ಡವರ ಮನೆಯಲ್ಲೂ ಇದೇ ಕಥೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ 9.5ನೇ ಆವೃತ್ತಿ (2016) ಕೆಲವು ಆಪರೇಟರುಗಳ ಪ್ರಾಶಸ್ತ್ಯ ತಿದ್ದಿತು. ‘ಈಸ್ ನಲ್’ ಎಂದರೆ ‘ಬೆಲೆ ಖಾಲಿಯೇ’ ಎಂಬ ಪರೀಕ್ಷೆ. 9.5ಕ್ಕೆ ಮೊದಲು ‘ಅ = ಬ ಈಸ್ ನಲ್’ ಎಂದರೆ ಅ = (ಬ ಈಸ್ ನಲ್), ಆಮೇಲೆ (ಅ = ಬ) ಈಸ್ ನಲ್. ಅರ್ಥ ಬದಲಾಗಬಹುದಾದ ಕ್ವೆರಿ ಕಂಡರೆ ಎಚ್ಚರಿಸುವ ಸೆಟ್ಟಿಂಗ್ ಒಂದನ್ನೂ ಜತೆಗೇ ಕೊಟ್ಟರು, 2021ರ 14ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಗೂಗಲ್‌ನ ಡೇಟಾಬೇಸ್ ಸೇವೆ ಬಿಗ್‌ಕ್ವೆರಿಯ ಹಳೆಯ ಎಸ್‌ಕ್ಯುಎಲ್ (ಡೇಟಾಬೇಸುಗಳ ಕ್ವೆರಿ ಭಾಷೆ) ಬಗೆಯಲ್ಲಿ ಎರಡು ಟೇಬಲ್‌ಗಳ ನಡುವೆ ಅಲ್ಪವಿರಾಮ ಹಾಕಿದರೆ ಅವು ಒಂದರ ಕೆಳಗೊಂದು ಸೇರುತ್ತಿದ್ದವು, ಅಂದರೆ ಯೂನಿಯನ್ ಆಲ್. ಪ್ರಮಾಣಿತ ಎಸ್‌ಕ್ಯುಎಲ್‌ನಲ್ಲಿ ಅದೇ ಅಲ್ಪವಿರಾಮಕ್ಕೆ ಕ್ರಾಸ್ ಜಾಯಿನ್, ಅಂದರೆ ಒಂದರ ಪ್ರತಿ ಸಾಲಿಗೂ ಇನ್ನೊಂದರ ಪ್ರತಿ ಸಾಲನ್ನು ಜೋಡಿಸುವುದು ಎಂದರ್ಥ. ಸಾವಿರ ಸಾಲಿನ ಎರಡು ಟೇಬಲ್‌ಗಳು ಮೊದಲು ಎರಡು ಸಾವಿರ ಸಾಲು ಕೊಟ್ಟರೆ, ಆಮೇಲೆ ಹತ್ತು ಲಕ್ಷ.

ಹೊಸ ಕೀವರ್ಡ್ ಸೇರಿಸಿದರೆ ಹಳೆಯ ಕ್ವೆರಿ ಒಡೆಯುತ್ತದೆಯೇ?

ಅದನ್ನು ಕಾದಿರಿಸಿದ ಪದ (ಬೇರೆ ಯಾವುದಕ್ಕೂ ಹೆಸರಾಗಿ ಇಡಲಾಗದ ಪದ) ಮಾಡಿದರೆ ಒಡೆಯುತ್ತದೆ. ಮೈಎಸ್‌ಕ್ಯುಎಲ್ 8.0 (2018) ವಿಂಡೋ ಫಂಕ್ಷನ್‌ಗಳನ್ನು ತಂದಾಗ ‘ರ‍್ಯಾಂಕ್’, ‘ಗ್ರೂಪ್ಸ್’ ಮುಂತಾದವು ಕಾದಿರಿಸಿದ ಪದಗಳಾದವು. ಆ ಹೆಸರಿನ ಕಾಲಮ್, ಟೇಬಲ್ ಇಟ್ಟುಕೊಂಡವರು ಎಲ್ಲ ಕಡೆ ಬ್ಯಾಕ್‌ಟಿಕ್ ಹಾಕಿಕೊಂಡು ಓಡಾಡಬೇಕಾಯಿತು. ಪೈಥಾನ್ 3.7 ಅದೇ ವರ್ಷ ‘ಅಸಿಂಕ್’ ಪದವನ್ನು ಕಾದಿರಿಸಿದಾಗ ಅದನ್ನು ಪ್ಯಾರಾಮೀಟರ್ ಹೆಸರಾಗಿ ಬಳಸಿದ್ದ ಲೈಬ್ರರಿಗಳು ಆಮದಾಗುವ ಮೊದಲೇ ಬಿದ್ದವು. ಅದೇ ಪೈಥಾನ್ 3.10ರಲ್ಲಿ ‘ಮ್ಯಾಚ್’ ಬಂದಾಗ ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಹೊಸ ಪಿಇಜಿ ಪಾರ್ಸರ್ ಬಂದಿತ್ತು. ಸಂದರ್ಭ ನೋಡಿ ‘ಇಲ್ಲಿ ಇದು ಕೀವರ್ಡ್, ಅಲ್ಲಿ ಬರೀ ಹೆಸರು’ ಎನ್ನುವುದು ಅದಕ್ಕೆ ಸಲೀಸು. ಹೊಸ ಪಾರ್ಸರಿಗೆ ಈ ಶಕ್ತಿಯಿದ್ದರೆ ಬಳಸಿಕೊಳ್ಳಿ. ಹೆಸರುಗಳ ಮೇಲೆ ಜನರಿಗಿರುವ ಹಕ್ಕು ಕಿತ್ತುಕೊಂಡರೆ ಬಹಳ ದಿನ ಮರೆಯುವುದಿಲ್ಲ.

ಹಳೆಯ ಪಾರ್ಸರಿನ ಬಗ್‌ಗಳನ್ನೂ ಹೊಸದರಲ್ಲಿ ಉಳಿಸಿಕೊಳ್ಳಬೇಕೇ?

ಕೆಲವನ್ನು, ಹೌದು. ಎಸ್‌ಕ್ಯುಎಲೈಟ್ ಡೇಟಾಬೇಸ್ ನೋಡಿ. ಎಸ್‌ಕ್ಯುಎಲ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರುವುದು ಹೆಸರು, ಒಂಟಿಯೊಳಗೆ ಬರುವುದು ಪಠ್ಯ. ಆದರೆ ಮೈಎಸ್‌ಕ್ಯುಎಲ್ 3 ಜತೆ ಹೊಂದಲೆಂದು ಎಸ್‌ಕ್ಯುಎಲೈಟ್ ಮೊದಲಲ್ಲೇ ಒಂದು ಸಡಿಲ ಬಿಟ್ಟಿತು: ಜೋಡಿ ಚಿಹ್ನೆಯೊಳಗಿನ ಹೆಸರಿನ ಕಾಲಮ್ ಸಿಗದಿದ್ದರೆ ಅದನ್ನು ಪಠ್ಯವೆಂದೇ ತಿಳಿದುಕೊಳ್ಳುತ್ತದೆ. ಕಾಲಮ್ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಅದನ್ನು ತಪ್ಪು ಹೆಜ್ಜೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಲೈಬ್ರರಿಯಲ್ಲಿ ತೆಗೆದಿಲ್ಲ, 2019ರ 3.29ರಲ್ಲಿ ಬೇಕಾದವರು ಆರಿಸಿಕೊಳ್ಳುವಂತೆ ಸ್ವಿಚ್ ಕೊಟ್ಟರು, ಅಷ್ಟೇ.

ಇನ್ನೊಂದು ದಾರಿ ಪೋಸ್ಟ್‌ಗ್ರೆಸ್‌ನದು. ಅಲ್ಲಿ ‘ಸೆಲೆಕ್ಟ್ 123ಕಖ’ ಎಂದು ಜಾಗ ಬಿಡದೆ ಬರೆದರೆ 123 ಎಂಬ ಸಂಖ್ಯೆ, ಅದಕ್ಕೆ ‘ಕಖ’ ಎಂಬ ಹೆಸರು ಎಂದು ಒಪ್ಪಿಕೊಳ್ಳುತ್ತಿತ್ತು. 15ನೇ ಆವೃತ್ತಿ (2022) ಅದನ್ನು ನೇರ ಎರರ್ ಮಾಡಿತು. ಬೇಕೆಂದು ಹಾಗೆ ಬರೆಯುವವರು ಕಡಿಮೆ, ಬೆರಳು ಜಾರಿ ಬರೆದವರೇ ಹೆಚ್ಚು.

ನಾನು ಅನುಸರಿಸುವ ಅಳತೆ ಇದು: ಬಗ್ ನೆಚ್ಚಿಕೊಂಡ ಕ್ವೆರಿ ಇವತ್ತು ಸರಿಯಾದ ಉತ್ತರ ಕೊಡುತ್ತಿದೆಯೇ? ಕೊಡುತ್ತಿದ್ದರೆ ಬಗ್ ಈಗ ಭಾಷೆಯ ಭಾಗ, ಉಳಿಸಿ. ತಪ್ಪು ಉತ್ತರ ಕೊಡುತ್ತಿದ್ದು ಯಾರಿಗೂ ಗೊತ್ತಿಲ್ಲದಿದ್ದರೆ ಎರರ್ ಮಾಡಿ. ಸದ್ದಿಲ್ಲದೆ ‘ಸರಿ’ ಮಾಡುವುದು ಮಾತ್ರ ಬೇಡ, ಅದು ನನ್ನ ಬಿಲ್ಲಿಂಗ್ ಕಥೆಯ ಇನ್ನೊಂದು ರೂಪ.

ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಬರೆದಿಟ್ಟ ಟೆಸ್ಟುಗಳನ್ನು ನಂಬಬೇಡಿ, ನಿಜವಾದ ಕ್ವೆರಿಗಳನ್ನು ಕೂಡಿಹಾಕಿ. ಸೇವ್ ಆಗಿರುವುದೆಲ್ಲ, ಪ್ರೊಡಕ್ಷನ್ ಲಾಗಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಂದದ್ದೆಲ್ಲ, ಪಾರ್ಸರ್ ತಿರಸ್ಕರಿಸಿದವೂ ಸೇರಿ. ಪ್ರತಿಯೊಂದನ್ನೂ ಎರಡೂ ಪಾರ್ಸರಿಗೆ ಕೊಟ್ಟು ಹೊರಬಂದ ಸಿಂಟ್ಯಾಕ್ಸ್ ಟ್ರೀಗಳನ್ನು (ಕ್ವೆರಿಯಲ್ಲಿ ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ತೋರಿಸುವ ಮರದಂಥ ರಚನೆ) ಹೋಲಿಸಿ. ಉತ್ತರಗಳನ್ನಲ್ಲ, ಟ್ರೀಗಳನ್ನು. ಉತ್ತರ ಹೋಲಿಸಿದರೆ ಇವತ್ತಿನ ಡೇಟಾದಲ್ಲಿ ಎರಡೂ ಒಂದೇ ಬರಬಹುದು, ನಾಳೆ ಒಂದು ತುರ್ತು ಟಿಕೆಟ್ ಬಂದ ಮೇಲೆ ಬೇರೆಯಾಗಬಹುದು.

ಎರಡು ಪಾರ್ಸರುಗಳ ಟ್ರೀ ರಚನೆ ಬೇರೆಯಿದ್ದರೆ ಎರಡನ್ನೂ ಪೂರ್ತಿ ಆವರಣ ಹಾಕಿದ ಪಠ್ಯವಾಗಿ ಮುದ್ರಿಸಿ, ಆ ಪಠ್ಯಗಳನ್ನು ಹೋಲಿಸಿ. ಇದಕ್ಕೆ ನೂರಿನ್ನೂರು ಸಾಲಿನ ಕೋಡ್ ಸಾಕು. ಮೇಲಿನ ‘ಅಲ್ಲ’ದ ಕ್ವೆರಿಯನ್ನು ಹೀಗೆ ಮುದ್ರಿಸಿದ್ದರೆ ಆವರಣ ಎಲ್ಲಿ ಬಿತ್ತು ಎಂಬುದು ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತಿತ್ತು. ಪೈಥಾನ್ ತಂಡವೂ ಹೊಸ ಪಾರ್ಸರ್ ಹಳೆಯದರ ಹಾಗೆ ಅದೇ ಟ್ರೀ ಕೊಡಬೇಕು ಎಂಬ ಗುರಿ ಇಟ್ಟುಕೊಂಡೇ ಕೆಲಸ ಮಾಡಿತು.

ಆಮೇಲೆ ನೆರಳಿನ ಓಟ: ಪ್ರೊಡಕ್ಷನ್ನಿನಲ್ಲಿ ಉತ್ತರ ಕೊಡುವುದು ಹಳೆಯ ಪಾರ್ಸರೇ, ಹಿಂದೆ ಹೊಸದೂ ಓಡಿ ವ್ಯತ್ಯಾಸ ಕಂಡಾಗ ಲಾಗ್ ಮಾಡಲಿ. ವ್ಯತ್ಯಾಸದ ಲಾಗಿನಲ್ಲಿ ಮೊದಲ ವಾರ ಸಿಗುವುದೆಲ್ಲ ನಿಮ್ಮ ತಪ್ಪು. ಎರಡನೇ ವಾರದಿಂದ ಹಳೆಯ ಪಾರ್ಸರಿನ ಗುಟ್ಟುಗಳು ಹೊರಬೀಳುತ್ತವೆ.

ನಮ್ಮದು ಬೇರೆಯವರು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳುವ ಸಾಫ್ಟ್‌ವೇರ್. ಅವರ ಕ್ವೆರಿಗಳು ನಮಗೆ ಕಾಣುವುದಿಲ್ಲ. ಆಗೇನು?

ಆಗ ಹೋಲಿಸುವ ಟೂಲನ್ನೇ ಅವರ ಕೈಗೆ ಕೊಡಿ. ಹೊಸ ಪಾರ್ಸರ್ ಬರುವ ಒಂದು ಆವೃತ್ತಿಗೆ ಮೊದಲೇ, ‘ನಿಮ್ಮ ಸೇವ್ ಆದ ಕ್ವೆರಿಗಳಲ್ಲಿ ಇವು ಬದಲಾಗಲಿವೆ’ ಎಂದು ಪಟ್ಟಿ ಕೊಡುವ ಕಮಾಂಡ್ ಇರಲಿ. ಕ್ವೆರಿ ಅವರ ಯಂತ್ರ ಬಿಟ್ಟು ಹೊರಗೆ ಬರಬೇಕಿಲ್ಲ.

ಹೊಸ ಪಾರ್ಸರ್ ಸೋತರೆ ಕ್ವೆರಿಯನ್ನು ಹಳೆಯದಕ್ಕೆ ಕೊಡುವುದು ಒಳ್ಳೆಯ ಉಪಾಯವಲ್ಲವೇ?

ಕೇಳಲು ಚೆಂದ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವವರಿಗೆ ಮೊದಲು ಹೊಳೆಯುವುದೇ ಇದು, ನನಗೂ ಹೊಳೆದಿತ್ತು. ಆದರೆ ಈ ವ್ಯವಸ್ಥೆ ಕಾಪಾಡುವುದು ಬೈಗುಳ ಬರುವ ಕ್ವೆರಿಗಳನ್ನು ಮಾತ್ರ. ಎರಡೂ ಒಪ್ಪಿ ಅರ್ಥ ಬದಲಾಗುವ ಕ್ವೆರಿಯಲ್ಲಿ ಹೊಸದು ಸೋಲುವುದೇ ಇಲ್ಲವಲ್ಲ, ಹಳೆಯದಕ್ಕೆ ಸರದಿ ಬರುವುದಾದರೂ ಎಲ್ಲಿಂದ?

ಲೂಸೀನ್ ಎಂಬ ಹುಡುಕಾಟದ ಲೈಬ್ರರಿಯ 4.0 ಆವೃತ್ತಿ (2012) ತನ್ನ ಕ್ವೆರಿ ಪಾರ್ಸರಿನಲ್ಲಿ ಎರಡು ಓರೆಗೆರೆಗಳ ನಡುವಿನ ಪಠ್ಯವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ) ಎಂದು ಓದತೊಡಗಿತು. ಅಲ್ಲಿಯವರೆಗೆ ಫೈಲ್ ಪಾತ್ ಹುಡುಕಲು ‘/ಲಾಗ್/ದೋಷ’ ಎಂದು ಬರೆಯುತ್ತಿದ್ದವರಿಗೆ ಓರೆಗೆರೆಯ ಮುಂದೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕುವ ಕೆಲಸ ಬಂತು. ಇಂಥ ಕಡೆ ಒಂದೇ ಓರೆಗೆರೆಯಿದ್ದರೆ ಹೊಸದು ಎರರ್ ಕೊಟ್ಟು ಹಳೆಯದು ಬಂದು ಕಾಪಾಡುತ್ತದೆ. ಎರಡಿದ್ದರೆ ಬೇರೆಯೇ ಹುಡುಕಾಟ ನಡೆಯುತ್ತದೆ. ಹುಡುಕುವ ಪೆಟ್ಟಿಗೆ ಒಂದೇ, ಪಾತ್‌ನಲ್ಲಿ ಎಷ್ಟು ಓರೆಗೆರೆ ಇದೆ ಎಂಬುದರ ಮೇಲೆ ಎರಡು ಭಾಷೆ. ಬಳಸುವವರಿಗೆ ಇದನ್ನು ವಿವರಿಸಿ ನೋಡಿ.

ಪಾರ್ಸರ್ ಆರಿಸುವುದು ಕ್ವೆರಿಯ ಮೇಲಿನ ಗುರುತಿನಿಂದ ಆಗಬೇಕು, ಸೋಲುಗೆಲುವಿನಿಂದ ಅಲ್ಲ.

ಗುರುತು ಎಂದರೆ?

ಪ್ರತಿ ಸೇವ್ ಆದ ಕ್ವೆರಿಯ ಜತೆ ಅದು ಯಾವ ಆವೃತ್ತಿಯ ಭಾಷೆಯಲ್ಲಿದೆ ಎಂಬ ಒಂದು ಸಂಖ್ಯೆ. ಬಿಗ್‌ಕ್ವೆರಿಯಲ್ಲಿ ಕ್ವೆರಿಯ ಮೊದಲ ಸಾಲಿನಲ್ಲೇ ‘#ಲೆಗಸಿಎಸ್‌ಕ್ಯುಎಲ್’ ಎಂದು ಬರೆಯಬಹುದು. ನಿಯೋ4ಜೆ ಡೇಟಾಬೇಸಿನ ಸೈಫರ್ ಭಾಷೆಯ ಕ್ವೆರಿಗೂ ಮುಂದೆ ಆವೃತ್ತಿ ಹಾಕಬಹುದು. ಎಸ್‌ಕ್ಯುಎಲ್ ಸರ್ವರಿನಲ್ಲಿ ಇಡೀ ಡೇಟಾಬೇಸಿಗೊಂದು ಕಂಪ್ಯಾಟಿಬಿಲಿಟಿ ಮಟ್ಟ; ‘*=’ ಎಂದು ಬರೆಯುವ ಹಳೆಯ ಔಟರ್ ಜಾಯಿನ್ 80ರ ಮಟ್ಟದಲ್ಲಿ ಓಡುತ್ತಿತ್ತು, 2005ರ ಆವೃತ್ತಿಯ 90ರ ಮಟ್ಟದಲ್ಲಿ ಓಡುತ್ತಿರಲಿಲ್ಲ. ಮೊದಲ ಆವೃತ್ತಿಯಲ್ಲೇ ಈ ಸಂಖ್ಯೆಗೆ ಒಂದು ಕಾಲಮ್ ಇಟ್ಟಿರುವವರು ಪುಣ್ಯವಂತರು. ಇಲ್ಲದವರು ಪಾರ್ಸರ್ ಬದಲಿಸುವ ಮುನ್ನ ಸೇರಿಸಿ, ಇರುವುದಕ್ಕೆಲ್ಲ ‘1’ ಎಂದು ತುಂಬಿ.

ಸೇವ್ ಆದ ಕ್ವೆರಿಗಳನ್ನು ನಾವೇ ಹೊಸ ರೂಪಕ್ಕೆ ತಿದ್ದಬಹುದೇ?

ಬಹುದು, ಆದರೆ ಸರ್ಚ್-ರಿಪ್ಲೇಸ್ ಮಾಡಿ ಅಲ್ಲ. ಹಳೆಯ ಪಾರ್ಸರಿನಿಂದ ಓದಿ, ಹೊಸ ಭಾಷೆಯಲ್ಲಿ ಮುದ್ರಿಸಿ, ಹೊಸ ಪಾರ್ಸರಿನಿಂದ ಮತ್ತೆ ಓದಿ, ಟ್ರೀ ಒಂದೇ ಎಂದಾದರೆ ಮಾತ್ರ ಬದಲಿಸಿ. ಅರ್ಥ ಬದಲಾಗದ ಕ್ವೆರಿಯನ್ನು ಮುಟ್ಟಲೇಬೇಡಿ. ಮುದ್ರಿಸುವಾಗ ಬರೆದವರ ಕಾಮೆಂಟ್, ಸಾಲು ಮುರಿದ ರೀತಿ ಎಲ್ಲ ಹಾರಿಹೋಗುತ್ತದೆ, ತಮ್ಮ ಕ್ವೆರಿ ಗುರುತು ಸಿಗದಂತಾದರೆ ಜನರಿಗೆ ಸಿಟ್ಟು ಬರುತ್ತದೆ. ಮೂಲ ಪಠ್ಯವನ್ನು ಪಕ್ಕದಲ್ಲೇ ಉಳಿಸಿಕೊಳ್ಳಿ.

ಟ್ರೀ ಒಂದೇ ಬಂದರೆ ಎಲ್ಲ ಮುಗಿಯಿತೇ?

ಪೂರ್ತಿ ಮುಗಿಯಲಿಲ್ಲ. ಹೆಸರಿಡದ ಕಾಲಮಿಗೆ ಕ್ವೆರಿಯ ಪಠ್ಯವನ್ನೇ ಶೀರ್ಷಿಕೆ ಮಾಡುವ ವ್ಯವಸ್ಥೆಗಳಿವೆ. ‘ಸಮ್(ಮೊತ್ತ)’ ಇದ್ದದ್ದು ‘ಸಮ್ (ಮೊತ್ತ)’ ಆಗಿ ನಡುವೆ ಒಂದು ಖಾಲಿ ಜಾಗ ಬಂದರೂ, ಆ ಶೀರ್ಷಿಕೆ ಹುಡುಕುವ ಸ್ಪ್ರೆಡ್‌ಶೀಟ್ ಸತ್ತಂತೆ. ಎರರ್ ಮೆಸೇಜಿನ ಸಾಲು, ಅಕ್ಷರದ ಸ್ಥಾನ ಓದಿ ಕೆಂಪು ಗೆರೆ ಎಳೆಯುವ ಎಡಿಟರುಗಳಿವೆ. ಮೆಸೇಜಿನ ಮಾತು ಬದಲಾಗಲಿ, ಎರರ್ ಸಂಖ್ಯೆ ಬದಲಾಗದಿರಲಿ.

ಗಾತ್ರವನ್ನೂ ನೋಡಿ. ಮನುಷ್ಯರು ಬರೆದ ಕ್ವೆರಿಯಲ್ಲಿ ಹತ್ತು ಆವರಣ ಇದ್ದರೇ ಹೆಚ್ಚು. ಪ್ರೋಗ್ರಾಮ್ ಹೆಣೆದ ಕ್ವೆರಿಯಲ್ಲಿ ಹತ್ತು ಸಾವಿರ ‘ಅಥವಾ’ ಸಾಲಾಗಿ ನಿಂತಿರುತ್ತವೆ. ಯಾಕ್‌ನ ಪಾರ್ಸರ್ ಎಡಕ್ಕೆ ಕಟ್ಟುತ್ತ ಅದನ್ನು ಸಲೀಸಾಗಿ ನುಂಗುತ್ತಿತ್ತು. ನಿಯಮಕ್ಕೊಂದು ಫಂಕ್ಷನ್ ಬರೆಯುವ ರಿಕರ್ಸಿವ್ ಡಿಸೆಂಟ್ ಪಾರ್ಸರಿನಲ್ಲಿ ಅದೇ ನಿಯಮವನ್ನು ಬಲಕ್ಕೆ ಬರೆದುಬಿಟ್ಟರೆ ಸ್ಟ್ಯಾಕ್ ತುಂಬಿ ಪ್ರೋಸೆಸ್ಸೇ ಕುಸಿಯುತ್ತದೆ. ಆ ಸಾಲನ್ನು ಲೂಪ್ ಮಾಡಿ ಬರೆಯಿರಿ, ಆಳಕ್ಕೊಂದು ಮಿತಿ ಹಾಕಿ.

ಹಳೆಯ ಪಾರ್ಸರನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಪೈಥಾನ್ ಒಂದೇ ಆವೃತ್ತಿಯಷ್ಟು ಇಟ್ಟುಕೊಂಡಿತು: 2020ರ 3.9ರಲ್ಲಿ ಹೊಸದು ಡೀಫಾಲ್ಟ್, ಬೇಕಾದವರಿಗೆ ಹಳೆಯದರ ಫ್ಲ್ಯಾಗ್, 2021ರ 3.10ರಲ್ಲಿ ಹಳೆಯದು ಇಲ್ಲ. ರೂಬಿ 3.4 (2024) ಪ್ರಿಸಮ್ ಪಾರ್ಸರನ್ನು ಡೀಫಾಲ್ಟ್ ಮಾಡಿ ಹಳೆಯದಕ್ಕೆ ಫ್ಲ್ಯಾಗ್ ಕೊಟ್ಟಿತು. ಇವರದು ಕೋಡಿನ ಅರ್ಥ ಬದಲಾಗದಂತೆ ಮಾಡಿದ ಬದಲಾವಣೆ, ಹಾಗಾಗಿ ಹೆಚ್ಚು ಕಾಲ ಬೇಕಾಗಲಿಲ್ಲ. ಅರ್ಥವೇ ಬದಲಾಗುವುದಾದರೆ ಕಾಲ ಬೇಕು. ಪೋಸ್ಟ್‌ಗ್ರೆಸ್ ಪಠ್ಯದೊಳಗಿನ ಹಿಂಗೆರೆಯ ಅರ್ಥ ಬದಲಿಸಲು 2006ರ 8.2ರಲ್ಲಿ ಸೆಟ್ಟಿಂಗ್ ತೆರೆದಿಟ್ಟು, ಎಚ್ಚರಿಸುತ್ತ ಹೋಗಿ, ಡೀಫಾಲ್ಟ್ ಬದಲಿಸಿದ್ದು 2011ರ 9.1ರಲ್ಲಿ.

ನಿಮ್ಮಲ್ಲಾದರೆ ‘1’ ಎಂಬ ಗುರುತಿನ ಕ್ವೆರಿ ಎಷ್ಟು ಸಲ ಓಡಿತು ಎಂದು ಎಣಿಸುವ ಕೌಂಟರ್ ಇಡಿ. ಅದು ಸೊನ್ನೆಯಾದ ತಕ್ಷಣ ಅಳಿಸಬೇಡಿ. ನಾವು ಮೂರು ತಿಂಗಳು ಸೊನ್ನೆ ನೋಡಿ, ಖುಷಿಯಿಂದ ಕೋಡ್ ಕಿತ್ತು ಹಾಕಿದೆವು. ಎರಡು ವಾರಕ್ಕೆ ವರ್ಷಕ್ಕೊಮ್ಮೆ ಮಾತ್ರ ಓಡುವ ಲೆಕ್ಕಪತ್ರದ ವರದಿ ಎದ್ದು ಕೂತಿತು. ಹಳೆಯ ಪಾರ್ಸರನ್ನು ಗಿಟ್‌ನಿಂದ ಹುಡುಕಿ ತೆಗೆದು, ಒಂದು ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ, ಆ ಒಂದು ಕ್ವೆರಿಯನ್ನು ಓದಿಸಿ, ಆವರಣ ಹಾಕಿ ಮುದ್ರಿಸಿ, ಮತ್ತೆ ಸೇವ್ ಮಾಡಿದೆವು. ಅಂದಿನಿಂದ ಹಳೆಯ ಪಾರ್ಸರ್ ಟೆಸ್ಟ್ ಫೋಲ್ಡರಿನಲ್ಲೇ ಇದೆ, ಪ್ರೊಡಕ್ಷನ್ ಬಿಲ್ಡಿಗೆ ಸೇರುವುದಿಲ್ಲ, ದಿನಕ್ಕೊಮ್ಮೆ ಹೊಸದರ ಜತೆ ಹೋಲಿಕೆಗೆ ಓಡುತ್ತದೆ.